ಐ5 ಅಂದರೆ ಎಲ್ಲವೂ ಒಂದೇ ಅಲ್ಲ

ತಂಗಿ ಮಗನಿಗೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಡಿಸೋಣ ಅಂತ ನಿನ್ನೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆವು. ಅಂಗಡಿಯವರು ಧೂಳು ಒರೆಸಿ ಒಂದು ಸಿಪಿಯು ಮುಂದಿಟ್ಟರು. "ಐ5 ಸಾರ್, ಕಣ್ಮುಚ್ಚಿ ತಗೊಳ್ಳಿ."

ಕಣ್ಣು ಬಿಟ್ಟುಕೊಂಡೇ ನೋಡಿದೆ. ಆನ್ ಮಾಡಿಸಿದರೆ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಇಂಟೆಲ್ ಐ5-2400 ಅಂತ ಬಂತು. ಆ ಅಡ್ಡಗೆರೆ ಆದಮೇಲೆ ಬರೋ 2 ಇದೆಯಲ್ಲ, ಅದೇ ತಲೆಮಾರು. ಅಂದರೆ 2011ರ ಚಿಪ್! ಪಕ್ಕದಲ್ಲಿ ಐ5ಗಿಂತ ಕೆಳಗಿನ ದರ್ಜೆ ಅಂತ ಯಾರೂ ಮೂಸದ ಒಂದು ಐ3-8100 ಸುಮ್ನೆ ಕೂತಿತ್ತು. ಎರಡರಲ್ಲೂ ನಾಲ್ಕೇ ಕೋರ್, ಅಂದರೆ ಚಿಪ್‌ನೊಳಗೆ ಕೆಲಸ ಮಾಡೋ ಘಟಕ. ಆದರೆ ಈ ಐ3 ಎಂಟನೇ ತಲೆಮಾರು, ಹೊಸ ಬಗೆಯ ಡಿಡಿಆರ್4 ರ‍್ಯಾಮ್, ವೇಗವೂ ಜಾಸ್ತಿ. ವಿಂಡೋಸ್ 11 ಅಧಿಕೃತವಾಗಿ ಒಪ್ಪೋದೂ ಇದನ್ನೇ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್‌ಗೇ ನಿಂತಿದೆ, ಅಲ್ವಾ?

ಐ3ಯನ್ನೇ ತಗೊಂಡೆವು. ಆದರೆ ಇದರೊಳಗೂ ಹಳೇ ಹಾರ್ಡ್ ಡಿಸ್ಕ್ ಕಟಕಟ ಅಂತಿತ್ತು. ಆನ್ ಮಾಡಿ ಪರದೆ ಮೇಲೆ ಚಿತ್ರ ಬರೋ ಹೊತ್ತಿಗೆ ನನ್ನ ಟೀ ಮುಗಿದಿತ್ತು. ಅದರ ಬದಲು, ಅದಕ್ಕಿಂತ ತುಂಬಾ ವೇಗವಾದ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್‌ನಲ್ಲಿತ್ತು, ಇನ್ನೊಂದು ಸ್ಲಾಟ್ ಖಾಲಿ. ಮುಂದೆ ಬೇಕಾದರೆ ಸೇರಿಸಬಹುದು.

ನನಗೆ ಮೊದಲ ಕಂಪ್ಯೂಟರ್ ಕೊಡಿಸುವಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಟಿವಿ ಎಷ್ಟು ಇಂಚು?" ಅವತ್ತು ನಗು ಬಂದಿತ್ತು. ಈಗ ಅನಿಸುತ್ತೆ, ಗೊತ್ತಿಲ್ಲದ ಅಂಗಡಿಯಲ್ಲಿ ಮನುಷ್ಯ ತನಗೆ ಗೊತ್ತಿರೋ ಒಂದು ಅಳತೆಯನ್ನೇ ಹಿಡ್ಕೊಂಡು ನಿಲ್ತಾನೆ.

ಇಷ್ಟೆಲ್ಲಾ ಆದಮೇಲೆ ನಮ್ಮ ಹುಡುಗ ಕೇಳಿದ: "ಮಾಮ, ಕೀಬೋರ್ಡಲ್ಲಿ ಲೈಟ್ ಬರಲ್ವಾ?"