ತೊಟ್ಟಿಯ ಬೆಳಕು, ಎಲಚಿ ಹಣ್ಣು

15 ಜನವರಿ 2024, ಸೋಮವಾರ
ಪಾಂಡವಪುರದ ಹತ್ತಿರ, ಅಜ್ಜಿ ಮನೆ

ಇವತ್ತು ಸಂಕ್ರಾಂತಿ. ಅಕ್ಕನ ಮಗಳಿಗೆ ಕರಿ ಎರೆಯೋದಿತ್ತು. ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ಮಗುವಿನ ತಲೆ ಮೇಲೆ ಸುರಿಯುವುದು, ಉಳಿದ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವುದು. ಫೋಟೋ ಕೆಲಸ ಯಥಾಪ್ರಕಾರ ನಂದೇ.

ಹೋದ ವರ್ಷ ದೇವರ ಮನೆ ಮುಂದೆ ಕೂರಿಸಿದ್ದರು. ಅಲ್ಲಿ ಹಗಲಲ್ಲೂ ಕತ್ತಲೆ. ಫ್ಲ್ಯಾಶ್ ಹಾಕಿದೆ, ಒಂದೇ ಒಂದು ಸಲ. ಆರತಿ ಮುಗಿದರೂ ಮಗು ಅಳು ನಿಲ್ಲಿಸಲಿಲ್ಲ. ಹೋಗಲಿ, ಫೋಟೋನಾದರೂ ಚೆನ್ನಾಗಿ ಬಂತಾ? ಮುಖಕ್ಕೆ ಸುಣ್ಣ ಬಳಿದ ಹಾಗೆ, ಹಿಂದಿನ ಗೋಡೆ ಮೇಲೆ ಕಪ್ಪು ನೆರಳು, ಕಣ್ಣು ಎರಡೂ ಕೆಂಪು. ಕತ್ತಲಲ್ಲಿ ಪಾಪೆ ಅಗಲವಾಗಿರುತ್ತದಲ್ಲ, ಲೆನ್ಸಿನ ಪಕ್ಕದಿಂದಲೇ ಹೊರಟ ಬೆಳಕು ಸೀದಾ ಒಳಗೆ ಹೋಗಿ, ಕಣ್ಣಿನ ಹಿಂಭಾಗದ ರಕ್ತದ ಬಣ್ಣ ಹೊತ್ತುಕೊಂಡು ವಾಪಸ್ ಬರುತ್ತದೆ.

ಹಾಗಾಗಿ ಈ ಸಲ ಬೆಳಗ್ಗೆಯಿಂದಲೇ ಅಜ್ಜಿ ಹಿಂದೆ ಬಿದ್ದೆ. ಮಣೆಯನ್ನು ಮನೆ ನಡುವಿನ ತೆರೆದ ತೊಟ್ಟಿ ಅಂಚಿಗೆ ಹಾಕೋಣ, ಸಂಜೆವರೆಗೂ ಕಾಯೋದು ಬೇಡ, ಮೂರೂವರೆಗೇ ಮಾಡೋಣ ಅಂತ. ಅಜ್ಜಿಯದು ಒಂದೇ ಷರತ್ತು: ಮಗು ಪೂರ್ವಕ್ಕೆ ಮುಖ ಮಾಡಬೇಕು. ನನಗೂ ಅದೇ ಬೇಕಿತ್ತು! ಪಡುವಣ ಜಗಲಿಯಲ್ಲಿ ಪೂರ್ವಕ್ಕೆ ಕೂರಿಸಿದರೆ ಮುಖ ತೊಟ್ಟಿ ಕಡೆಗೇ ಇರುತ್ತದೆ. ನೇರ ಬಿಸಿಲಿಲ್ಲ, ಆಕಾಶದ ಬೆಳಕು ಮಾತ್ರ. ಎದುರು ಜಗಲಿಯ ಬಿಸಿಲಲ್ಲಿ ಮಾವನ ಬಿಳಿ ಪಂಚೆ ಒಣಗುತ್ತಿತ್ತು. ಅದನ್ನು ಪೂರ್ತಿ ಬಿಡಿಸಿ ಹರವಿದೆ. ಅಷ್ಟಕ್ಕೇ ಮಗುವಿನ ಗಲ್ಲದ ಕೆಳಗಿನ ನೆರಳು ತಿಳಿಯಾಯಿತು, ಕಣ್ಣಲ್ಲಿ ಬಿಳೀ ಚುಕ್ಕೆ ಮೂಡಿತು.

ಆಮೇಲೆ ಟ್ಯೂಬ್‌ಲೈಟ್ ಆರಿಸಿ ಅಂದೆ. ಹಗಲ ಬೆಳಕಿಗೂ ಟ್ಯೂಬ್‌ಲೈಟಿಗೂ ಬಣ್ಣ ಬೇರೆ, ಎರಡೂ ಬಿದ್ದರೆ ಅರ್ಧ ಮುಖ ಹಸಿರು ಹಸಿರು. "ಫೋಟೋ ತೆಗೆಯಕ್ಕೆ ಲೈಟ್ ಆರಿಸೋರ್ನ ಇವತ್ತೇ ಕಣಪ್ಪಾ ನೋಡಿದ್ದು" ಅಂದರು ದೊಡ್ಡಮ್ಮ.

ಕ್ಯಾಮೆರಾ ಜೊತೆ ಬಂದ ಲೆನ್ಸನ್ನು ಚೀಲದಿಂದ ತೆಗೆಯಲೇ ಇಲ್ಲ. 50 ಎಂಎಂ ಹತ್ತಿರಕ್ಕೆ ಜೂಮ್ ಮಾಡಿದರೆ ಅದು ತೆರೆಯೋದು ಎಫ್ 5.6ರವರೆಗೆ ಅಷ್ಟೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ನನ್ನ ಹಳೇ 50 ಎಂಎಂ ಲೆನ್ಸು ಎಫ್ 1.8ರದು, ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೆ ಅಷ್ಟು ತೆರೆದರೆ ಹತ್ತಿರದ ಕಣ್ಣು ಚೂಪು, ಕಿವಿ ಮಸುಕು. ಕೂತಲ್ಲಿ ಕೂರದ ಮಗುವಿಗೆ ಅದು ರಿಸ್ಕು ಅಂತ ಎಫ್ 2.8ಕ್ಕೆ ಇಟ್ಟುಕೊಂಡೆ. ಐಎಸ್‌ಓ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು, 1600. ಶಟರ್ ತೆರೆದಿರೋದು 1/125 ಸೆಕೆಂಡು.

ಅಜ್ಜಿ ಮೊದಲ ಸೇರು ಸುರಿದರು. ನೋಡಿದರೆ ಮಗು ಸ್ಪಷ್ಟ, ಹಣ್ಣುಗಳೆಲ್ಲ ಬರೀ ಕಂದು ಗೀರು. ಎರಡನೇ ಸೇರಿಗೆ ಶಟರ್ 1/500 ಮಾಡಿದೆ. ಬೆಳಕು ಕಾಲು ಭಾಗಕ್ಕೆ ಇಳಿಯಿತು, ಅದಕ್ಕೆ ಐಎಸ್‌ಓ 6400. ಫೋಟೋ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು ಬಂತು, ಬರಲಿ. ಒಂದು ಎಲಚಿ ಹಣ್ಣು ಮೂಗಿನ ತುದಿಗೆ ಒಂದಿಂಚು ಮೇಲೆ ಗಾಳಿಯಲ್ಲೇ ನಿಂತಿದೆ. ಮಗು ಎರಡೂ ಕಣ್ಣು ಸೇರಿಸಿ ಅದನ್ನೇ ನೋಡುತ್ತಿದೆ.

ಮೂರನೇ ಸೇರಿಗೆ ಬಂಧುವೊಬ್ಬರ ಮೊಬೈಲ್ ಫ್ಲ್ಯಾಶ್ ಫಳ್ ಅಂತು. ಅಷ್ಟೇ, ತುಟಿ ಸೊಟ್ಟಗಾಯಿತು. ಪುಣ್ಯಕ್ಕೆ ಅಷ್ಟರಲ್ಲಿ ಕೈಗೆ ಕಬ್ಬಿನ ಚೂರು ಸಿಕ್ಕಿತು. ಅಳು ಅರ್ಧಕ್ಕೇ ನಿಂತು ಚೀಪೋದು ಶುರುವಾಯಿತು. ಫ್ಲ್ಯಾಶಿಂದ ಕಣ್ಣು ಹೋಗುತ್ತದೆ ಅಂತ ಅಜ್ಜಿಯ ವಾದ. ಹಾಗೇನೂ ಇಲ್ಲ, ಆದರೆ ಈ ಸಲ ನಾನು ತಿದ್ದಲು ಹೋಗಲಿಲ್ಲ. ಸುಮ್ನೆ ಹೂಂಗುಟ್ಟಿದೆ.

ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಕ್ಯಾಮೆರಾ ಮನೇಲೇ ಬಿಟ್ಟು ಹೋದೆ.

ರಾತ್ರಿ ಎಳ್ಳುಬೆಲ್ಲ ಮೆಲ್ಲುತ್ತಾ ಅಜ್ಜಿಗೆ ಆ ಎಲಚಿ ಹಣ್ಣಿನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಯಾಕೋ ಸ್ವಲ್ಪ ಕತ್ತಲೆ ಆಗಿದೆ, ಅಲ್ವಾ?"

ಸ್ಕ್ರೀನಿನ ಬ್ರೈಟ್‌ನೆಸ್ ಏರಿಸಿ ಮತ್ತೆ ಕೈಗೆ ಕೊಟ್ಟೆ.

"ಹಾಂ, ಈಗ ಸರಿಯಾಗಿ ತೆಗ್ದಿದೀಯ" ಅಂದರು.