ಬೆಂಕಿಗೆ ಮುಂಚಿನ ಮೂರು ದಿನ

ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ವಾರ್ಷಿಕ ಮಹೋತ್ಸವ ನಡೆಯುವಾಗ, ಇಗರ್ಜಿಯ ಅಂಗಳಕ್ಕೆ ಕಾಲಿಟ್ಟವರ ಮೂಗಿಗೆ ಮೊದಲು ತಾಗುವುದು ಕರಗಿದ ಮೇಣದ ವಾಸನೆ. ಕ್ರೈಸ್ತರಷ್ಟೇ ಅಲ್ಲದೆ ಅನ್ಯ ಧರ್ಮದವರೂ ಹರಕೆಯ ಬತ್ತಿ ಹಿಡಿದು ಸರದಿಯಲ್ಲಿ ನಿಲ್ಲುವ ಜಾತ್ರೆ ಅದು. ನಾನು ಚಿಕ್ಕವನಿದ್ದಾಗ ಅಮ್ಮನೊಡನೆ ಬೆಳಗಿನ ಜಾವವೇ ಮನೆಯಿಂದ ನಡೆದು ಹೊರಡುತ್ತಿದ್ದೆ. ಅತ್ತೂರು ತಲುಪುವಷ್ಟರಲ್ಲಿ ಬಿಸಿಲೇರಿ, ಅವರ ಕೈಚೀಲದಲ್ಲಿದ್ದ ಮೇಣದಬತ್ತಿಗಳು ಬಿಲ್ಲಿನ ಹಾಗೆ ಬಾಗಿರುತ್ತಿದ್ದವು. ಅಮ್ಮ ಸರದಿಯಲ್ಲಿ ನಿಂತಲ್ಲೇ ಒಂದೊಂದನ್ನೂ ಎರಡು ಅಂಗೈಗಳ ನಡುವೆ ಇಟ್ಟು ನಿಧಾನವಾಗಿ ಹೊಸೆದು ನೆಟ್ಟಗೆ ಮಾಡುತ್ತಿದ್ದರು. ಅವಸರ ಮಾಡಿದರೆ ಬತ್ತಿ ನಡುವೆ ಬಿರುಕು ಬಿಡುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ.

ಆ ಹರಕೆ ನನ್ನ ಅಣ್ಣನ ಕಾಯಿಲೆಗಾಗಿ ಹೊತ್ತದ್ದು. ಅಣ್ಣ ಗುಣವಾದರೆ ಎಂಬ ಷರತ್ತು ಹಾಕದೆ, ಅವನ ಹೆಸರಿನಲ್ಲಿ ನಾನು ಬದುಕಿರುವವರೆಗೂ ಪ್ರತಿ ವರ್ಷ ಬರುತ್ತೇನೆ ಎಂದು ಅಮ್ಮ ಹೇಳಿಕೊಂಡಿದ್ದರಂತೆ. ಅಣ್ಣ ಉಳಿಯಲಿಲ್ಲ. ಆ ಮಳೆಗಾಲದಲ್ಲಿ ಅವನನ್ನು ಮಣ್ಣು ಮಾಡಿದ ಮೇಲೆ ಬಂದ ಜನವರಿಯಲ್ಲಿ ಅಮ್ಮ ಮತ್ತೆ ಅಷ್ಟೇ ಬತ್ತಿಗಳನ್ನು ಕೊಂಡು ತಂದಾಗ, ಅಪ್ಪ ಜಗಲಿಯಲ್ಲಿ ಕುಳಿತು, “ಇನ್ನು ಯಾತಕ್ಕೆ ಹೋಗುವುದು?” ಎಂದು ಕೇಳಿದರು. ಅಮ್ಮ ಚೀಲ ಕಟ್ಟುವುದನ್ನು ನಿಲ್ಲಿಸದೆಯೇ, “ಮಾತು ಕೊಟ್ಟದ್ದು ನಾನಲ್ಲವಾ?” ಎಂದರು. ಅಪ್ಪ ಮರುಮಾತಾಡಲಿಲ್ಲ. ಆ ವರ್ಷ ಅವರು ನಮ್ಮೊಡನೆ ಬರಲೂ ಇಲ್ಲ.

ಅಮ್ಮನ ಆ ಮಾತು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅದನ್ನು ತಿಳಿಸಿಕೊಟ್ಟದ್ದು ಸಂತ ಲಾರೆನ್ಸರ ಕಥೆಯೇ. ಅದರಲ್ಲೂ ನಾವು ಸಾಮಾನ್ಯವಾಗಿ ಓಡಿಸಿಕೊಂಡು ಹೋಗುವ ಒಂದು ಭಾಗ.

ಕ್ರಿ.ಶ. 258ರ ಆಗಸ್ಟ್ ತಿಂಗಳಲ್ಲಿ ರೋಮಿನ ಚಕ್ರವರ್ತಿ ವಲೇರಿಯನ್ನನ ಆಜ್ಞೆಯಂತೆ ಬಿಷಪರು, ಗುರುಗಳು ಮತ್ತು ಅವರಿಗೆ ನೆರವಾಗುವ ಸೇವಕರಾದ ಡೀಕನರನ್ನು ತಡಮಾಡದೆ ಕೊಲ್ಲಬೇಕೆಂದಾಯಿತು. ಕಾರ್ಥೇಜಿನ ಬಿಷಪ್ ಸೈಪ್ರಿಯನ್ ಈ ಸುದ್ದಿಯನ್ನು ಪತ್ರವೊಂದರಲ್ಲಿ ಬರೆದು ತನ್ನವರನ್ನು ಎಚ್ಚರಿಸಿದರು. ಮರುತಿಂಗಳು ಅವರ ತಲೆಯೂ ಉರುಳಿತು. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸರು ರೋಮಿನ ಸಮಾಧಿಸ್ಥಳದಲ್ಲಿ ಹತರಾದರು. ಅವರ ಡೀಕನರಲ್ಲಿ ಉಳಿದವರು ಲಾರೆನ್ಸ್. ಧರ್ಮಸಭೆಯ ಹಣಕಾಸು ನೋಡಿಕೊಳ್ಳುವುದು, ಬಡವರಿಗೂ ವಿಧವೆಯರಿಗೂ ಹಂಚುವುದು ಅವರ ಕೆಲಸವಾಗಿತ್ತು. ಸಭೆಯ ಸಂಪತ್ತನ್ನು ಒಪ್ಪಿಸು ಎಂದು ನಗರಾಧಿಕಾರಿ ಕೇಳಿದಾಗ ಅವರು ಮೂರು ದಿನಗಳ ಗಡುವು ಬೇಡಿದರೆಂದೂ, ಆ ಗಡುವಿನಲ್ಲಿ ಇದ್ದುದನ್ನೆಲ್ಲ ಹಂಚಿ, ಕೊನೆಗೆ ಕುರುಡರು, ಕುಂಟರು, ನಿರ್ಗತಿಕರನ್ನು ಕರೆದುಕೊಂಡು ಬಂದು ನಿಲ್ಲಿಸಿ “ಇವರೇ ಸಭೆಯ ಸಂಪತ್ತು” ಎಂದರೆಂದೂ ಪರಂಪರೆ ಹೇಳುತ್ತದೆ. ಆಗಸ್ಟ್ 10ರಂದು ಅವರನ್ನು ಕೊಂದರು.

ಕಬ್ಬಿಣದ ಜಾಲರಿಯ ಮೇಲೆ ಸುಡಿಸಿಕೊಳ್ಳುತ್ತಲೇ “ಈ ಬದಿ ಬೆಂದಾಯಿತು, ಮಗುಚಿ ಹಾಕಿ” ಎಂದು ಅವರು ನಕ್ಕ ಪ್ರಸಂಗವನ್ನು ನಮ್ಮ ಮಕ್ಕಳೂ ಬಲ್ಲರು. ಅದು ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಶತಮಾನವೊಂದು ಕಳೆದ ಮೇಲೆ, ಮಿಲಾನಿನ ಸಂತ ಅಂಬ್ರೋಸರಂಥವರಲ್ಲಿ. ಲಾರೆನ್ಸರ ತಲೆಯನ್ನು ಕತ್ತಿಯಿಂದ ಕಡಿದಿರಬೇಕೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ನನಗೆ ಈ ವಿವಾದದಿಂದ ಭಕ್ತಿಯೇನೂ ಕಡಿಮೆಯಾಗಿಲ್ಲ. ಏಕೆಂದರೆ ನನ್ನ ಮನಸ್ಸು ನಿಲ್ಲುವುದು ಬೆಂಕಿಯ ಬಳಿಯಲ್ಲ, ಅದಕ್ಕೆ ಮುಂಚಿನ ಮೂರು ದಿನಗಳ ಬಳಿ. ಗುರು ಸತ್ತಾಗಿದೆ, ತನ್ನ ಸಾವೂ ಖಚಿತವಾಗಿದೆ, ಅವನಿಗಾಗಿ ಆಕಾಶವೇನೂ ತೆರೆದಿಲ್ಲ. ಆಗ ಆ ಮನುಷ್ಯ ಮಾಡಿದ್ದೇನು? ನಿನ್ನೆ ಮೊನ್ನೆ ಮಾಡುತ್ತಿದ್ದ ಕೆಲಸವನ್ನೇ. ಅದೇ ಬೀದಿಗಳು, ಚಾಚಿದ ಅವೇ ಕೈಗಳು, ಎಣಿಸಿ ಕೊಡಬೇಕಾದ ಅದೇ ಹಣ. ಬೆಂಕಿಯ ಮುಂದೆ ಧೈರ್ಯ ಒಂದು ಗಳಿಗೆಯಲ್ಲಿ ಉಕ್ಕಿ ಬರಬಹುದೇನೋ. ಆದರೆ ಮೂರು ದಿನ ಬೇಸರಪಡದೆ ಲೆಕ್ಕ ಒಪ್ಪಿಸುವುದಕ್ಕೆ ಬೇರೆಯೇ ಒಂದು ಬಲ ಬೇಕು.

ವಿಶ್ವಾಸಕ್ಕೆ ಎದುರಾಗಿ ನಿಲ್ಲುವ ಶಕ್ತಿಯನ್ನು ನಾವು ಕೊಂಬು, ಬಾಲ, ಬೆಂಕಿಯುಗುಳುವ ಬಾಯಿಗಳೊಂದಿಗೆ ಕಲ್ಪಿಸಿಕೊಂಡು ಮೋಸ ಹೋಗುತ್ತೇವೆ. ಬೆಂಗಾಡಿನಲ್ಲಿ ಯೇಸುಸ್ವಾಮಿಯ ಬಳಿಗೆ ಬಂದ ಸೈತಾನ ಗರ್ಜಿಸಲಿಲ್ಲ. ನಲವತ್ತು ದಿನ ಉಪವಾಸವಿದ್ದವರಿಗೆ ರೊಟ್ಟಿಯ ಮಾತಾಡಿದ, ಅಷ್ಟೆ. ಹಸಿದವನಿಗೆ ರೊಟ್ಟಿ ಬೇಕೆನ್ನುವುದರಲ್ಲಿ ತಪ್ಪೇನಿದೆ? ಅವನ ಜಾಣತನ ಇರುವುದೇ ಅಲ್ಲಿ. ಮುಂದಿನ ಶೋಧನೆಯಲ್ಲಿ ಅವನು ಪವಿತ್ರ ಗ್ರಂಥದ ಕೀರ್ತನೆಯ ಸಾಲುಗಳನ್ನೇ ಉಚ್ಚರಿಸುತ್ತಾನೆ. ಸೋತ ಮೇಲೂ ಅವನು ಓಡಿಹೋಗಲಿಲ್ಲವೆಂದೂ, ತಕ್ಕ ಸಮಯ ಬರುವವರೆಗೆ ಬಿಟ್ಟುಹೋದನೆಂದೂ ಲೂಕನು ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಆ ತಕ್ಕ ಸಮಯ ನಮ್ಮಂಥವರ ಬದುಕಿನಲ್ಲಿ ಯಾವುದಿರಬಹುದೆಂದು ಕೇಳಿದರೆ, ನನ್ನ ಮಟ್ಟಿಗೆ ಅದು ಆಪತ್ತಿನ ದಿನವಲ್ಲ, ಆಪತ್ತು ಕಳೆದ ಮೇಲಿನ ಖಾಲಿ ದಿನ. ಮರಣದ ಮನೆಗೆ ಬಂದವರೆಲ್ಲ ಹಿಂದಿರುಗಿ, ಪಾತ್ರೆಗಳು ತೊಳೆದು ಕವುಚಿಟ್ಟಾಗಿ, ಸಂಜೆ ಮತ್ತೆ ಮನೆಯ ಪ್ರಾರ್ಥನಾಪೀಠವಾದ ಅಲ್ತಾರಿನ ಮುಂದೆ ಮೊಣಕಾಲೂರುವ ಹೊತ್ತಿಗೆ ಒಳಗಿನಿಂದ ಒಂದು ದನಿ ಬಹಳ ಸಮಾಧಾನದಿಂದ, ಸ್ನೇಹಿತನಂತೆ ಕೇಳುತ್ತದೆ: ಇನ್ನು ಯಾತಕ್ಕೆ? ಅಪ್ಪ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು. ಅವರನ್ನು ನಾನು ದೂರುತ್ತಿಲ್ಲ. ದುಃಖದಲ್ಲಿದ್ದ ತಂದೆಯ ಬಾಯಿಂದ ಬೇರೆ ಯಾವ ಪ್ರಶ್ನೆ ತಾನೇ ಬಂದೀತು? ನಗರಕ್ಕೆ ಕೆಲಸಕ್ಕೆಂದು ಹೋದ ಮೇಲೆ ನಾನೇ ಆ ಪ್ರಶ್ನೆಗೆ ಸೋತು ಹಲವು ವರ್ಷ ಇಗರ್ಜಿಯಲ್ಲಿ ನಡೆಯುವ ಭಾನುವಾರದ ಬಲಿಪೂಜೆಯನ್ನೂ ಬಿಟ್ಟಿದ್ದೆ. ಯಾರೂ ನನ್ನನ್ನು ಹಿಂಸಿಸಿರಲಿಲ್ಲ, ಯಾವ ವಾದವೂ ನನ್ನನ್ನು ಗೆದ್ದಿರಲಿಲ್ಲ. ಒಂದು ಭಾನುವಾರ ನಿದ್ದೆ ಬಂತು, ಮುಂದಿನ ಭಾನುವಾರ ಅದೇ ಅಭ್ಯಾಸವಾಯಿತು.

ಕರಾವಳಿಯ ಕ್ರೈಸ್ತರ ನೆನಪಿನಲ್ಲಿ ದೊಡ್ಡ ಸಂಕಟವೆಂದರೆ 1784ರದು. ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದವರಲ್ಲಿ ಬದುಕುಳಿದವರು ಊರು ಕಂಡದ್ದು 1799ರ ನಂತರ. ಅತ್ತೂರಿನ ಹಳೆಯ ಇಗರ್ಜಿಯೂ ಆಗ ನಾಶವಾಗಿತ್ತು. ಈ ಇತಿಹಾಸವನ್ನು ಇಂದು ಯಾರ ಮೇಲೋ ಎಸೆಯುವ ಕಲ್ಲನ್ನಾಗಿ ಬಳಸುವುದು ನನಗೆ ಸೇರದು. ನನ್ನನ್ನು ಹಿಡಿದು ನಿಲ್ಲಿಸುವುದು ಮರಳಿ ಬಂದವರ ಚಿತ್ರ: ಹೊಲ ಬೇರೆಯವರದಾಗಿದೆ, ಇಗರ್ಜಿ ಇದ್ದಲ್ಲಿ ಪೊದೆ ಬೆಳೆದಿದೆ, ಹದಿನೈದು ವರ್ಷ ಬಲಿಪೂಜೆಯ ಗಂಟೆ ಕೇಳದ ಕಿವಿಗಳು. ಅಂಥವರು ಕೂಡಿ ಮತ್ತೆ ಇಗರ್ಜಿ ಕಟ್ಟಿದರು.

ಮುಂದೆ ಹೊಸ ಜಾಗ ಹುಡುಕಬೇಕಾಗಿ ಬಂದಾಗಿನ ಐತಿಹ್ಯವನ್ನು ಅತ್ತೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಸಂತ ಲಾರೆನ್ಸರ ಮರದ ಪ್ರತಿಮೆಯನ್ನು ಹೊತ್ತು ಹೊರಟ ಜನ ಪರ್ಪಲೆ ಗುಡ್ಡದ ಬುಡದಲ್ಲಿ ಒರತೆ ಕಂಡು, ಪ್ರತಿಮೆಯನ್ನು ನೆಲಕ್ಕಿಟ್ಟು, ನೀರು ಕುಡಿದು ದಣಿವಾರಿಸಿಕೊಂಡರು. ಎದ್ದು ಹೊರಡುವಾಗ ಪ್ರತಿಮೆ ಜಗ್ಗಲಿಲ್ಲ. ಇಲ್ಲಿಯೇ ಇಗರ್ಜಿ ಕಟ್ಟುತ್ತೇವೆ ಎಂದು ಗುರುಗಳು ಹರಕೆ ಹೇಳಿಕೊಂಡ ಮೇಲಷ್ಟೇ ಅದು ಕೈಗೆ ಬಂತಂತೆ. 1839ರಲ್ಲಿ ಅಲ್ಲಿ ಇಗರ್ಜಿ ಎದ್ದಿತು. 2016ರಲ್ಲಿ ಅದಕ್ಕೆ ಪೋಪರು ವಿಶೇಷ ಇಗರ್ಜಿಗಳಿಗೆ ಕೊಡುವ ಬಸಿಲಿಕಾ ಎಂಬ ಪದವಿ ದೊರೆಯಿತು. ಆ ಒರತೆಯ ಕೆರೆಯ ನೀರನ್ನು ಇಂದಿಗೂ ಜನ ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಕೈಯಲ್ಲಿ ಎತ್ತುವಷ್ಟೇ ದೊಡ್ಡದಾದ ಮರದ ಪ್ರತಿಮೆಗೆ ಅಷ್ಟು ಭಾರ ಎಲ್ಲಿಂದ ಬಂತೆಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. “ಅವರಿಗೆ ಹೋಗಲಿಕ್ಕೆ ಮನಸ್ಸಿರಲಿಲ್ಲ” ಎಂದಿದ್ದರು.

ಈಗ ಅಮ್ಮನಿಗೆ ಮೊಣಕಾಲು ನೋವು. ಕಳೆದ ಜನವರಿಯಲ್ಲಿ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಹರಕೆಯೆಂದರೆ ನಡೆದೇ ಹೋಗಬೇಕೆಂದು ದಾರಿಯುದ್ದಕ್ಕೂ ಗೊಣಗಿದರು. ಬತ್ತಿಗಳನ್ನು ಹೊಸೆಯುವ ಕೆಲಸವನ್ನು ಮಾತ್ರ ನನಗೆ ಕೊಡಲಿಲ್ಲ.

ಗೆತ್ಸೆಮನಿಯ ತೋಪಿನಲ್ಲಿ ಎಚ್ಚರವಾಗಿದ್ದು ಪ್ರಾರ್ಥಿಸಿರೆಂದು ಯೇಸುಸ್ವಾಮಿ ಹೇಳಿದ ಮೇಲೂ ಶಿಷ್ಯ ಪೇತ್ರನು ನಿದ್ದೆಹೋದ. ಎದುರಾಳಿಯು ಸಿಂಹದಂತೆ ಸುತ್ತಾಡುತ್ತಿದ್ದಾನೆ, ಎಚ್ಚರವಾಗಿರಿ, ವಿಶ್ವಾಸದಲ್ಲಿ ದೃಢವಾಗಿ ನಿಂತು ಅವನನ್ನು ಎದುರಿಸಿರಿ ಎಂದು ಮುಂದೆ ಸಭೆಗೆ ಬರೆದ ಪತ್ರ ಇರುವುದೂ ಆ ಪೇತ್ರನ ಹೆಸರಿನಲ್ಲಿಯೇ. ಜಾತ್ರೆಯಿಂದ ಮರಳಿದ ಸಂಜೆ ಎಂದಿನಂತೆ ತೇರ್ಸಿಗೆ, ಅಂದರೆ ಜಪಸರದ ಪ್ರಾರ್ಥನೆಗೆ ಕುಳಿತೆವು. ಅದರ ಐದು ಭಾಗಗಳಲ್ಲಿ ನಾಲ್ಕನೆಯ ರಹಸ್ಯದ ಹೊತ್ತಿಗೆ ಅಮ್ಮನ ತಲೆ ಎದೆಗೆ ಬಾಗಿತು, ದನಿ ನಿಂತಿತು, ದಿನವಿಡೀ ದಣಿದಿದ್ದರು. ನಾನೊಬ್ಬನೇ ಮುಂದುವರಿಸಿದೆ. ಒಂದಿಷ್ಟು ಹೊತ್ತಿನ ಬಳಿಕ ಅವರು ಬೆಚ್ಚಿ ಕಣ್ಣು ಬಿಟ್ಟು ಜಪಸರವನ್ನು ನೋಡಿಕೊಂಡರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಬಿಟ್ಟುಹೋಗಿದ್ದ ಮಣಿಯೇ ಇನ್ನೂ ಹಿಡಿದಂತೆಯೇ ಇತ್ತು. ಅವರು ಅಲ್ಲಿಂದಲೇ ಮುಂದುವರಿಸಿದರು. ನಾನು ಹಿಂದಕ್ಕೆ ಹೋಗಿ ಅವರ ಜೊತೆ ಸೇರಿಕೊಂಡೆ.