ಎಕ್ಸ್-ಪ್ಲೇನ್‌ನಲ್ಲಿ ಆಲಮಟ್ಟಿ ತುಂಬಿಸುವುದು

ವಿಮಾನ ಹಾರಾಟದ ಸಿಮ್ಯುಲೇಟರ್ ಎಕ್ಸ್-ಪ್ಲೇನ್‌ನಲ್ಲಿ ಬೆಳಗಾವಿಯಿಂದ ಕಲಬುರಗಿಗೆ ಹಾರುವಾಗ ಅರ್ಧ ದಾರಿ ಸಮೀಪಿಸುತ್ತಿದ್ದಂತೆ ಬಲಗಡೆ ಆಲಮಟ್ಟಿ ಹಿನ್ನೀರು ಕಾಣಬೇಕು. ನಿಮ್ಮ ಸೀನರಿಯಲ್ಲಿ (ಸಿಮ್ಯುಲೇಟರ್ ತೋರಿಸುವ ನೆಲದ ದೃಶ್ಯ) ಅದು ಇಲ್ಲದಿದ್ದರೆ, ಅಥವಾ ಕೃಷ್ಣೆ ಬರೀ ಸಣ್ಣ ಗೆರೆಯಾಗಿ ಕಂಡರೆ, ಸೇರಿಸುವ ಕ್ರಮ ಇಲ್ಲಿದೆ. ಬೇರೆ ಯಾವ ಜಲಾಶಯಕ್ಕೂ ಇದೇ ದಾರಿ. ಗಡಿ ಎಳೆಯುವುದು ಸುಲಭ. ನೀರಿನ ಮಟ್ಟ ಕೂರಿಸುವಾಗಲೇ ಹೆಚ್ಚಿನವರು ಎಡವುವುದು.

ಸೀನರಿ ತಿದ್ದುವ ತಂತ್ರಾಂಶ ವರ್ಲ್ಡ್ ಎಡಿಟರ್‌ನಲ್ಲಿ ನೀಲಿ ಪಾಲಿಗನ್ (ಬಹುಭುಜ) ಹಾಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಎಕ್ಸ್-ಪ್ಲೇನ್‌ನಲ್ಲಿ ನೀರು ಅಂದರೆ ಬೇಸ್ ಮೆಶ್‌ನ (ನೆಲವನ್ನು ರೂಪಿಸುವ ಜಾಲ) ತ್ರಿಕೋನಗಳ ಗುಣ, ಅದು ಸೀನರಿಯ ಡಿಎಸ್‌ಎಫ್ ಫೈಲಿನೊಳಗೇ ಅಚ್ಚಾಗಿರುತ್ತದೆ. ಮೇಲೆ ಹಾಸಿದ ಪಾಲಿಗನ್ ನೋಡಲು ನೀರು, ಇಳಿದರೆ ನೆಲ: ಸೀಪ್ಲೇನ್ ಅದರ ಮೇಲೆ ತೇಲುವುದಿಲ್ಲ. ಜೊತೆಗೆ ಅದು ಕೆಳಗಿನ ಕಣಿವೆಯ ಏರಿಳಿತಕ್ಕೆ ಅಂಟಿಕೊಂಡು ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಹಾಗಾಗಿ ಮೆಶ್ಶನ್ನೇ ಹೊಸದಾಗಿ ಕಟ್ಟಬೇಕು. ಅದಕ್ಕೆ ಸೀನರಿ ಕಟ್ಟುವ ತಂತ್ರಾಂಶ ಆರ್ಥೋ4ಎಕ್ಸ್‌ಪಿ ಸಾಕು. ಆಲಮಟ್ಟಿಗೆ ಬೇಕಾದ ಟೈಲ್ (ಒಂದು ಡಿಗ್ರಿಯ ಚೌಕ) +16+075.

ಆರ್ಥೋ4ಎಕ್ಸ್‌ಪಿ ನೀರಿನ ಗಡಿಗಳನ್ನು ತೆಗೆದುಕೊಳ್ಳುವುದು ಎಲ್ಲರೂ ತಿದ್ದಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ (ಓಎಸ್ಎಂ). ಅಲ್ಲಿ ಜಲಾಶಯವೇ ಇಲ್ಲದಿದ್ದರೆ ಆ ನಕ್ಷೆ ತಿದ್ದುವ ತಂತ್ರಾಂಶ ಜೆಒಎಸ್ಎಂನಲ್ಲಿ ಬಿಂಗ್ ಉಪಗ್ರಹ ಚಿತ್ರದ ಮೇಲೆ ಎಳೆದು ಸೇರಿಸಿ. ಗೂಗಲ್ ಚಿತ್ರದ ಮೇಲೆ ಎಳೆಯಲು ಅನುಮತಿ ಇಲ್ಲ. ಹಲವು ಸಲ ಜಲಾಶಯ ನಕ್ಷೆಯಲ್ಲಿ ಇದ್ದೇ ಇರುತ್ತದೆ, ಟ್ಯಾಗ್ ಮಾತ್ರ ಹಳೆಯದು: ‘ಲ್ಯಾಂಡ್‌ಯೂಸ್=ರಿಸರ್ವಾಯರ್’. ಆರ್ಥೋ4ಎಕ್ಸ್‌ಪಿ ಹುಡುಕುವುದು ‘ನ್ಯಾಚುರಲ್=ವಾಟರ್’ ಇರುವುದನ್ನು. ಅದನ್ನೂ, ಜೊತೆಗೆ ‘ವಾಟರ್=ರಿಸರ್ವಾಯರ್’ ಅನ್ನೂ ಸೇರಿಸಿದರೆ ಅರ್ಧ ಕೆಲಸ ಮುಗಿದಂತೆ. ನಡುಗಡ್ಡೆಗಳಿದ್ದರೆ ಮಲ್ಟಿಪಾಲಿಗನ್ (ಹಲವು ಗೆರೆ ಕೂಡಿದ ಒಂದೇ ಆಕೃತಿ) ಮಾಡಿ ಅವನ್ನು ‘ಇನ್ನರ್’ ಎಂದು ಕೊಡಿ. ಹೊರಗೆರೆ ಒಂದು ಕಡೆ ಕೂಡದೆ ಉಳಿದರೂ ಇಡೀ ಜಲಾಶಯ ಮಾಯ. ಜೆಒಎಸ್ಎಂನ ವ್ಯಾಲಿಡೇಟರ್ ಇದನ್ನು ಹಿಡಿದುಕೊಡುತ್ತದೆ, ಅಪ್‌ಲೋಡ್‌ಗೆ ಮುಂಚೆ ಒಮ್ಮೆ ಓಡಿಸಿ.

ಅಪ್‌ಲೋಡ್ ಆಯಿತು, ಟೈಲ್ ಮತ್ತೆ ಕಟ್ಟಿಯೂ ಆಯಿತು, ಆದರೂ ನೀರಿಲ್ಲ ಎಂದರೆ ಕಾರಣ ಹಳೆಯ ಕ್ಯಾಶ್, ಅಂದರೆ ಮುಂಚೆ ಇಳಿಸಿಟ್ಟ ನಕ್ಷೆಯ ಪ್ರತಿ. ಓಎಸ್ಎಂ ಡೇಟಾ ಫೋಲ್ಡರಿನೊಳಗೆ +10+070, ಅದರೊಳಗೆ +16+075 ತೆರೆದರೆ ಹೆಸರಿನಲ್ಲಿ ‘ವಾಟರ್’ ಇರುವ ಫೈಲ್ ಸಿಗುತ್ತದೆ. ಅದನ್ನು ಅಳಿಸದೆ ಎಷ್ಟು ಸಲ ಕಟ್ಟಿದರೂ ಹಳೆಯ ನಕ್ಷೆಯೇ ಬರುತ್ತದೆ.

ಇನ್ನು ಎತ್ತರ. ಹೆಚ್ಚಿನ ಸೀನರಿಗಳ ನೆಲದ ಎತ್ತರದ ಮೂಲ ಎಸ್‌ಆರ್‌ಟಿಎಂ, ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ರಡಾರ್ ಅಳೆದದ್ದು. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದೇ ಆ ವರ್ಷದ ಏಪ್ರಿಲ್‌ನಲ್ಲಿ. ಆದ್ದರಿಂದ ಎಸ್‌ಆರ್‌ಟಿಎಂನಲ್ಲಿ ಇರುವುದು ಇಂದಿನ ಜಲಾಶಯವಲ್ಲ. ಮುಳುಗದ ಇಳಿಜಾರುಗಳು, ಹಳೆಯ ಹೊಲಗಳು, ಎಲ್ಲ ಹಾಗೇ ಇವೆ. ಇದರ ಮೇಲೆ ಗಡಿ ಮಾತ್ರ ಕೊಟ್ಟರೆ ನೀರು ಗುಡ್ಡ ಹತ್ತುತ್ತದೆ. ಆರ್ಥೋ4ಎಕ್ಸ್‌ಪಿಯ ‘ವಾಟರ್ ಸ್ಮೂದಿಂಗ್’ ಡಿಫಾಲ್ಟಾಗಿ 10; ಪ್ರತಿ ಸುತ್ತಿನಲ್ಲಿ ಒಂದೊಂದು ತ್ರಿಕೋನದ ಮೂಲೆಗಳನ್ನು ಅವುಗಳ ಸರಾಸರಿಗೆ ತರುತ್ತದೆ. ಕೆರೆಯ ಸಣ್ಣ ಅಲುಗಾಟಕ್ಕೆ ಇದು ಸಾಕು, ಹತ್ತಾರು ಕಿಲೋಮೀಟರ್ ಉದ್ದದ ಕಣಿವೆಗೆ ಏನೇನೂ ಸಾಲದು. ಸಂಖ್ಯೆ ಏರಿಸಿ ಪ್ರಯೋಜನವಿಲ್ಲ.

ಇದೇ ಕೊರತೆಯಿಂದ ಒಂದು ಲಾಭವೂ ಇದೆ. ಕಣಿವೆ ಪೂರ್ತಿ ತುಂಬುವ ಮೊದಲೇ ಅಳೆದಿರುವುದರಿಂದ ತುಂಬಿದ ಜಲಾಶಯದ ಗಡಿಯನ್ನು ಅದೇ ದತ್ತಾಂಶದಿಂದ ತೆಗೆಯಬಹುದು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎಸ್‌ಆರ್‌ಟಿಎಂ ಟೈಲ್ ತೆರೆದು ಕಾಂಟೂರ್ (ಸಮಾನ ಎತ್ತರದ ಗೆರೆ) ಉಪಕರಣಕ್ಕೆ ಅಂತರ 10, ಆಫ್‌ಸೆಟ್ 9.6 ಕೊಡಿ, 519.6ರ ಗೆರೆ ನೇರ ಬರುತ್ತದೆ. ಅದು ಅಣೆಕಟ್ಟಿನ ಹತ್ತಿರ ನಿಲ್ಲದೆ ಕೆಳಗಿನ ಕಣಿವೆಗೂ ಹರಿಯುತ್ತದೆ, ಅಲ್ಲಿನ ನೆಲ ಇನ್ನೂ ತಗ್ಗು ತಾನೇ. ಕಟ್ಟೆಯ ಉದ್ದಕ್ಕೂ ಕತ್ತರಿಸಿ ಮುಚ್ಚಿ. ಬೇಸಿಗೆಯ ಉಪಗ್ರಹ ಚಿತ್ರದ ಮೇಲೆ ಕೈಯಲ್ಲಿ ಎಳೆದ ಗಡಿಗಿಂತ ಇದು ಎಷ್ಟೋ ವಾಸಿ. ದಂಡೆ ಎಲ್ಲೆಂದು ಚಿತ್ರದಲ್ಲಿ ತಿಳಿಯುವುದೇ ಇಲ್ಲ, ಬರೀ ಕೆಸರು.

ಈಗ ಆ ಗಡಿಯೊಳಗೆ ಮಟ್ಟ ತುಂಬಿಸುವುದು. ಎಸ್‌ಆರ್‌ಟಿಎಂ ಪೂರ್ಣ ಮೀಟರ್‌ಗಳಲ್ಲಿ ಮಾತ್ರ ಎತ್ತರ ಇಡುವ ಫೈಲ್, 519.6 ಬರೆದರೆ ದಶಾಂಶ ಹೋಗುತ್ತದೆ. ಮೊದಲು ಅದನ್ನು ದಶಾಂಶ ಉಳಿಸಿಕೊಳ್ಳುವ ಫ್ಲೋಟ್32 ಜಿಯೋಟಿಫ್ ಆಗಿ ಉಳಿಸಿ. ನಂತರ ‘ರಾಸ್ಟರೈಸ್’ನಲ್ಲಿ ಸ್ಥಿರ ಬೆಲೆ ಬರೆಯುವ ಆಯ್ಕೆಯಿಂದ ಪಾಲಿಗನ್‌ನೊಳಗೆಲ್ಲ 519.6 ಹಾಕಿ. ಅದು ಇದ್ದ ಫೈಲನ್ನೇ ತಿದ್ದುತ್ತದೆ, ಹಾಗಾಗಿ ಪ್ರತಿ ಇಟ್ಟುಕೊಂಡಿರಿ. ಸಿದ್ಧವಾದ ಫೈಲಿನ ದಾರಿಯನ್ನು ಆರ್ಥೋ4ಎಕ್ಸ್‌ಪಿಯ ‘ಕಸ್ಟಮ್ ಡಿಇಎಂ’ (ನಿಮ್ಮದೇ ಎತ್ತರದ ಫೈಲ್) ಜಾಗದಲ್ಲಿ ಕೊಡಿ. ನಿರ್ದೇಶಾಂಕ ಸಾಮಾನ್ಯ ಅಕ್ಷಾಂಶ-ರೇಖಾಂಶದಲ್ಲೇ ಇರಬೇಕು, ಇಡೀ ಒಂದು ಡಿಗ್ರಿ ಟೈಲನ್ನು ಮುಚ್ಚಿರಬೇಕು.

ಯುರೋಪಿನ ಕೋಪರ್ನಿಕಸ್‌ನ ಉಪಗ್ರಹ ಎತ್ತರದ ದತ್ತಾಂಶ (30 ಮೀಟರ್ ಚೌಕಗಳದ್ದು) ಬಳಸಿದರೆ ಇಷ್ಟೆಲ್ಲ ಯಾಕೆ ಬೇಕು ಎನ್ನಬಹುದು. ಅದು 2011ರಿಂದ 2015ರ ನಡುವಿನ ಅಳತೆ, ನೀರನ್ನು ಮಟ್ಟಸ ಮಾಡಿಯೇ ಕೊಡುತ್ತಾರೆ. ಆದರೆ ಆ ಮಟ್ಟ ಉಪಗ್ರಹ ಹಾದುಹೋದ ದಿನದ್ದು, ಪೂರ್ಣ ಮಟ್ಟವೇ ಆಗಿರಬೇಕೆಂದಿಲ್ಲ. ಸುತ್ತಲಿನ ನೆಲಕ್ಕೆ ಅದನ್ನು ಬಳಸಿ, ಕಾಂಟೂರ್ ಮಾತ್ರ ಎಸ್‌ಆರ್‌ಟಿಎಂನಿಂದ ತೆಗೆಯಿರಿ. ಒಂದು ಟೈಲಿಗೆ ಕೋಪರ್ನಿಕಸ್, ಪಕ್ಕದ್ದಕ್ಕೆ ಬೇರೆ ಎಂದು ಮಾಡಿದರೆ ಗಡಿಯಲ್ಲಿ ಮೆಟ್ಟಿಲು ಬರುತ್ತದೆ. ಎಲಿಪ್ಸಾಯ್ಡ್ (ಭೂಮಿಯ ಗಣಿತದ ಆಕಾರ) ಮೇಲಿನ ಎತ್ತರದ ಫೈಲ್ ಕೈಗೆ ಸಿಕ್ಕಿದರಂತೂ ಎಲ್ಲವೂ ಹತ್ತಾರು ಮೀಟರ್ ತಪ್ಪು. ಬೇಕಾದದ್ದು ಸಮುದ್ರಮಟ್ಟದ ಲೆಕ್ಕ.

ಅಣೆಕಟ್ಟಿನ ಬುಡದಲ್ಲಿ ಇನ್ನೊಂದು ತೊಡಕು. ಕೆಳಗಿನ ನಾರಾಯಣಪುರ ಜಲಾಶಯದ ಪೂರ್ಣ ಮಟ್ಟ 492.25 ಮೀಟರ್, ಆಲಮಟ್ಟಿಗಿಂತ 27 ಮೀಟರ್‌ಗೂ ಹೆಚ್ಚು ತಗ್ಗು. ಮೇಲಿನ ನೀರಿನ ಪಾಲಿಗನ್ ಮತ್ತು ಕೆಳಗಿನ ನದಿಯ ಪಾಲಿಗನ್ ಒಂದಕ್ಕೊಂದು ತಾಗಿದ್ದರೆ ಎರಡೂ ಒಂದೇ ನೀರಾಗಿ ಕೂಡಿ, ಕಟ್ಟೆ ಇರಬೇಕಾದಲ್ಲಿ ನೀರಿನ ಇಳಿಜಾರು ಕಾಣುತ್ತದೆ. ನಡುವೆ 30ರಿಂದ 60 ಮೀಟರ್ ನೆಲ ಬಿಡಿ. ದತ್ತಾಂಶದ ಒಂದೆರಡು ಚೌಕದಷ್ಟು.

ಗಾತ್ರದ ಎರಡು ಸೆಟ್ಟಿಂಗ್‌ಗಳನ್ನೂ ನೋಡಿಕೊಳ್ಳಿ. ‘ಮ್ಯಾಕ್ಸ್ ಏರಿಯಾ’ ಡಿಫಾಲ್ಟಾಗಿ 200 ಚದರ ಕಿಲೋಮೀಟರ್. ಅದಕ್ಕಿಂತ ದೊಡ್ಡ ನೀರನ್ನು ಆರ್ಥೋ4ಎಕ್ಸ್‌ಪಿ ಸಮುದ್ರದಂತೆ ಮಾಸ್ಕ್ ಮಾಡುತ್ತದೆ, ಅಂದರೆ ದಂಡೆಯಾಚೆ ಉಪಗ್ರಹ ಚಿತ್ರವನ್ನು ಮರೆಮಾಡುತ್ತದೆ. ಆಲಮಟ್ಟಿ ಆ ಮಿತಿ ದಾಟುವ ಜಲಾಶಯ. 600ಕ್ಕೆ ಏರಿಸಿದರೆ ಒಳನಾಡಿನ ನೀರಾಗಿಯೇ ಉಳಿಯುತ್ತದೆ. ‘ಮಿನ್ ಏರಿಯಾ’ 0.001, ಅಂದರೆ 1,000 ಚದರ ಮೀಟರ್. ಊರ ಕೆರೆಗಳಿಗೆ ಇದು ಅಡ್ಡಿಯಲ್ಲ, ಯಾರಾದರೂ ಮೆಶ್ ಹಗುರ ಮಾಡಲು ಇದನ್ನು ಏರಿಸಿದ್ದರೆ ಮಾತ್ರ ಕೆರೆಗಳು ಸದ್ದಿಲ್ಲದೆ ಕಾಣೆಯಾಗುತ್ತವೆ.

ಬೇರೆ ಜಲಾಶಯ ಹಿಡಿಯುವವರು ಪತ್ರಿಕೆಯ ಜಲಾಶಯ ಮಟ್ಟದ ಕೋಷ್ಟಕವನ್ನೇ ಆಧಾರ ಮಾಡಿಕೊಳ್ಳಬಹುದು, ಎಚ್ಚರದಿಂದ. ಲಿಂಗನಮಕ್ಕಿಯ 1,819 ಅಡಿ, ತುಂಗಭದ್ರೆಯ 1,633, ಕಬಿನಿಯ 2,284, ಹೇಮಾವತಿಯ 2,922 ಸಮುದ್ರಮಟ್ಟದಿಂದ ಲೆಕ್ಕ, 0.3048ರಿಂದ ಗುಣಿಸಿದರೆ ಮೀಟರ್. ಕೆಆರ್‌ಎಸ್‌ನ 124.80 ಅಡಿ, ಭದ್ರೆಯ 186 ಅಡಿ ಹಾಗಲ್ಲ. ಅವು ಕಟ್ಟೆಯದೇ ಅಳತೆಗೋಲಿನ ಸಂಖ್ಯೆ. ಕೆಆರ್‌ಎಸ್‌ಗೆ ಅದನ್ನೇ ಮೀಟರ್‌ಗೆ ಇಳಿಸಿ 38 ಎಂದು ಬರೆದರೆ ಶ್ರೀರಂಗಪಟ್ಟಣದ ಪಕ್ಕ ಏಳುನೂರು ಮೀಟರ್ ಆಳದ ಗುಂಡಿ ಬೀಳುತ್ತದೆ.

ಕಟ್ಟುವ ಕ್ರಮ ಮಾಮೂಲು: ವೆಕ್ಟರ್ ಡೇಟಾ, ಮೆಶ್, ಮಾಸ್ಕ್, ಕೊನೆಗೆ ಇಮೇಜರಿ ಮತ್ತು ಡಿಎಸ್‌ಎಫ್. ಮುಂಚೆ ಇಳಿಸಿದ ಚಿತ್ರಗಳು ಇದ್ದರೆ ಮತ್ತೆ ಇಳಿಯುವುದಿಲ್ಲ. ‘ರೇಶಿಯೋ ವಾಟರ್’ ಡಿಫಾಲ್ಟ್ 0.25ರಲ್ಲಿ ನೀರಿನ ಮೇಲೆ ಉಪಗ್ರಹ ಚಿತ್ರವೇ ಎದ್ದು ಕಾಣುತ್ತದೆ. ಚಿತ್ರ ಬೇಸಿಗೆಯದಾದರೆ ತುಂಬಿದ ಜಲಾಶಯದಲ್ಲಿ ಹೊಲದ ಬದುಗಳು ತೇಲುತ್ತಿರುವಂತೆ ಕಾಣುತ್ತವೆ. 0.8ಕ್ಕೆ ಏರಿಸಿ. 1 ಎಂದರೆ ಸಿಮ್ಯುಲೇಟರಿನ ನೀರು ಮಾತ್ರ.

ಸೀನರಿ ಪ್ಯಾಕ್‌ಗಳ ಪಟ್ಟಿಯಲ್ಲಿ ಹೊಸ ಟೈಲ್ ಕೆಳಗೆ, ಓವರ್‌ಲೇ (ಮರ, ರಸ್ತೆ, ಕಟ್ಟಡಗಳ ಪದರ) ಅದರ ಮೇಲೆ ಇರಲಿ. ಒಂದು ಟೈಲಿಗೆ ಒಂದೇ ಬೇಸ್ ಮೆಶ್ ಲೋಡ್ ಆಗುತ್ತದೆ, ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ಓವರ್‌ಲೇ ಬಂದಿರುವುದು ಜಲಾಶಯವಿಲ್ಲದ ಹಳೆಯ ಸೀನರಿಯಿಂದಾದ್ದರಿಂದ ನೀರಿನ ನಡುವೆ ಮರಗಳು, ರಸ್ತೆಗಳು ನಿಂತಿರಬಹುದು. ವರ್ಲ್ಡ್ ಎಡಿಟರ್‌ನಲ್ಲಿ ಕಾಡು, ಕಟ್ಟಡ, ರಸ್ತೆಗಳಿಗೆ ಎಕ್ಸ್‌ಕ್ಲೂಷನ್ (ಅವನ್ನು ಮರೆಮಾಡುವ) ವಲಯ ಹಾಕಿ ಓವರ್‌ಲೇಗಿಂತ ಮೇಲಿಡಿ. ವಲಯಗಳು ನೇರ ಆಯತಗಳು ಮಾತ್ರ, ಓರೆ ಮಾಡಲು ಬರುವುದಿಲ್ಲ. ಒಂದೇ ದೊಡ್ಡದು ಹಾಕಿದರೆ ಬಾಗಲಕೋಟೆಯ ಮನೆಗಳೂ ಹೋಗುತ್ತವೆ, ಹಲವು ಚಿಕ್ಕವನ್ನು ಜೋಡಿಸಿ.

ಪರೀಕ್ಷೆಗೆ ಸೀಪ್ಲೇನ್ ಇಳಿಸಿ, ಡೇಟಾ ಔಟ್‌ಪುಟ್‌ನಲ್ಲಿ ಅಕ್ಷಾಂಶ-ರೇಖಾಂಶ-ಎತ್ತರದ ಸಾಲು ತೆರೆಯಿರಿ. ಸುಮಾರು 1,705 ಅಡಿ, ಅದಕ್ಕೆ ವಿಮಾನದ ಎತ್ತರದ ಕೆಲವು ಅಡಿ ಸೇರಿ ಬರಬೇಕು. ಕಟ್ಟೆಯ ಹತ್ತಿರ ಒಮ್ಮೆ, ಹಿನ್ನೀರಿನ ತುದಿಯಲ್ಲಿ ಒಮ್ಮೆ ನೋಡಿ. ಎರಡೂ ಕಡೆ ಒಂದೇ ಸಂಖ್ಯೆ ಬಾರದಿದ್ದರೆ ಆರ್ಥೋ4ಎಕ್ಸ್‌ಪಿ ನಿಮ್ಮ ಕಸ್ಟಮ್ ಡಿಇಎಂ ಓದಿಲ್ಲ. ಫೈಲಿನ ದಾರಿ ಸರಿ ಮಾಡಿ ಮೆಶ್ ಹಂತದಿಂದ ಮತ್ತೆ ಕಟ್ಟಿ.